ಒಂದು ಜಾಯ್‌ಸ್ಟಿಕ್‌ಗೆ ಸೆಕೆಂಡ್ ಹ್ಯಾಂಡ್ ಬೈಕಿನ ರೇಟು ಯಾಕೆ?

2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಪೈಲಟ್ ತರಬೇತಿ ಶಾಲೆಗಳಿಗಾಗಿ ದೇಶದಲ್ಲಿ ಐದು ನಿಲ್ದಾಣಗಳನ್ನು ಆರಿಸಿತು. ಅದರಲ್ಲಿ ನಮ್ಮ ಬೆಳಗಾವಿಯೂ ಇತ್ತು, ಕಲಬುರಗಿಯೂ ಇತ್ತು. ಅಲ್ಲಿಂದ ಈಚೆಗೆ ಪೈಲಟ್ ಆಗುವ ಮಾತು ನಮ್ಮ ನಿಲ್ದಾಣವಿರುವ ಸಾಂಬ್ರಾದ ಆಚೆಗೂ ಹಬ್ಬಿದೆ. ನಮ್ಮ ಓಣಿಯಲ್ಲೂ ಪಿಯುಸಿ ಓದುವ ಹುಡುಗನೊಬ್ಬನಿಗೆ ಆ ಹುಚ್ಚು ಹಿಡಿದಿದೆ. ಕಂಪ್ಯೂಟರಿನಲ್ಲಿ ಫ್ಲೈಟ್ ಸಿಮ್ಯುಲೇಟರ್, ಅಂದರೆ ವಿಮಾನ ಹಾರಿಸುವ ಆಟ, ಹಾಕಿಕೊಂಡಿದ್ದಾನೆ. ಈಗ ಒಳ್ಳೆಯ ಜಾಯ್‌ಸ್ಟಿಕ್ ಮತ್ತು ಥ್ರಾಟಲ್ ಬೇಕಂತೆ. ರೇಟು ನೋಡಿ ಅವನ ಅಪ್ಪ ನನ್ನ ಹತ್ತಿರ ಬಂದರು. ಬೆಳಗಾವಿಯ ಕಾರ್ಖಾನೆಗಳ ಬಡಾವಣೆ ಉದ್ಯಮಬಾಗದಲ್ಲಿ ಅವರದು ಸಣ್ಣ ಲೇಥ್ ಶಾಪು.

“ಇದ್ರಾಗ ಅಂಥಾದ್ದೇನೈತ್ರಿ? ಇಷ್ಟರಾಗ ಒಂದು ಸೆಕೆಂಡ್ ಹ್ಯಾಂಡ್ ಬೈಕ್ ಬರ್ತೈತಿ.”

ಸಿಮ್ಯುಲೇಟರ್ ಚಟ ನನಗೂ ಹಳೆಯದು. ಆದರೂ ಲೇಥ್ ನಡೆಸುವವರಿಗೆ ಇದನ್ನು ವಿವರಿಸುವುದು ಇಷ್ಟು ಸುಲಭ ಅಂತ ಅಂದುಕೊಂಡಿರಲಿಲ್ಲ. ತುಟ್ಟಿ ಜಾಯ್‌ಸ್ಟಿಕ್ಕಿನ ದುಡ್ಡು ಹೋಗುವುದು ಕೈಯಲ್ಲಿ ಹಿಡಿಯುವ ಹಿಡಿಕೆಗಲ್ಲ, ಅದರ ಕೆಳಗಿನ ಡಬ್ಬಿಗೆ. ಆ ಡಬ್ಬಿಯಲ್ಲಿರುವುದು ಬೇರಿಂಗು, ಸ್ಪ್ರಿಂಗು, ಕ್ಯಾಮು. ಎಲ್ಲ ಉದ್ಯಮಬಾಗದ ಸಾಮಾನೇ.

ಮೊದಲು ಹೆಸರುಗಳು

ವಿಮಾನ ಮೂರು ರೀತಿ ಅಲುಗಾಡುತ್ತದೆ. ಮೂಗು ಮೇಲೆ-ಕೆಳಗೆ ಆಗುವುದು ಪಿಚ್. ರೆಕ್ಕೆ ಎಡಕ್ಕೆ ಬಲಕ್ಕೆ ವಾಲುವುದು ರೋಲ್. ಮೂಗು ಅಡ್ಡಡ್ಡ ತಿರುಗುವುದು ಯಾ. ಮೊದಲ ಎರಡನ್ನು ಸ್ಟಿಕ್ ನೋಡಿಕೊಳ್ಳುತ್ತದೆ. ಮೂರನೆಯದಕ್ಕೆ ಕಾಲಲ್ಲಿ ತುಳಿಯುವ ರಡ್ಡರ್ ಪೆಡಲ್ ಇರುತ್ತದೆ. ಕಡಿಮೆ ಬೆಲೆಯ ಜಾಯ್‌ಸ್ಟಿಕ್‌ಗಳಲ್ಲಿ ಪೆಡಲಿನ ಬದಲು ಹಿಡಿಕೆಯನ್ನೇ ನಲ್ಲಿ ತಿರುಗಿಸಿದ ಹಾಗೆ ತಿರುಗಿಸಬೇಕು. ಥ್ರಾಟಲ್ ಅಂದರೆ ಎಂಜಿನ್ನಿನ ಶಕ್ತಿ ಹೆಚ್ಚು ಕಡಿಮೆ ಮಾಡುವ ಲಿವರ್. ಟ್ರ್ಯಾಕ್ಟರಿನಲ್ಲಿ ಕೈಯಿಂದ ಎಳೆದು ಬಿಡುವ ಎಕ್ಸಲರೇಟರ್ ಇರುತ್ತದಲ್ಲ, ಎಳೆದಲ್ಲೇ ನಿಲ್ಲುತ್ತದಲ್ಲ, ಅದೇ ಜಾತಿಯದು.

ಈ ಒಂದೊಂದು ಚಲನೆಯನ್ನೂ ಆಕ್ಸಿಸ್ ಅನ್ನುತ್ತಾರೆ. ಯುದ್ಧ ವಿಮಾನದಲ್ಲಿ ಪೈಲಟ್ ಕೈ ಎತ್ತದೆಯೇ ಬೇಕಾದ ಬಟನ್ ಒತ್ತಲು ಆಗುವಂತೆ ಸ್ಟಿಕ್ ಮತ್ತು ಥ್ರಾಟಲ್ ಎರಡರ ಮೇಲೂ ಬಟನ್ ಜೋಡಿಸಿರುತ್ತಾರೆ. ಆ ಜೋಡಿಗೆ ಹೋಟಾಸ್ ಅಂತ ಹೆಸರು. ಅಂಗಡಿಗಳಲ್ಲಿ ಸೆಟ್ ಆಗಿ ಮಾರುವುದು ಇದನ್ನೇ. ನಮ್ಮ ತೇಜಸ್‌ನಲ್ಲೂ ಇದೇ ಪದ್ಧತಿ.

ಎಲ್ಲ ವಿಮಾನಕ್ಕೂ ಸ್ಟಿಕ್ ಇರುವುದಿಲ್ಲ. ಬೋಯಿಂಗ್‌ನಲ್ಲಿ, ಎಟಿಆರ್‌ನಲ್ಲಿ, ಸೆಸ್ನಾ 172ರಲ್ಲಿ ಇರುವುದು ಯೋಕ್. ಕಾರಿನ ಸ್ಟಿಯರಿಂಗನ್ನು ಅರ್ಧ ಕತ್ತರಿಸಿ ಹಿಂದೆ ಮುಂದೆ ಎಳೆಯುವ ಹಾಗೆ ಮಾಡಿದಂತೆ. ಸಾಂಬ್ರಾಕ್ಕೆ ಬರುವ ಸ್ಟಾರ್ ಏರ್‌ನ ಎಂಬ್ರಾಯರ್ ವಿಮಾನದ್ದು ಇನ್ನೂ ಮಜಾ, ಅದರ ಯೋಕ್ ಟಗರಿನ ಕೊಂಬಿನ ಹಾಗೆ ಬಾಗಿದೆ. ಏರ್‌ಬಸ್ ಎ320ರಲ್ಲಿ ಪೈಲಟ್‌ನ ಪಕ್ಕಕ್ಕೆ ಒಂದು ಪುಟ್ಟ ಸ್ಟಿಕ್, ಅದು ಸೈಡ್‌ಸ್ಟಿಕ್. ಕ್ಯಾಪ್ಟನ್‌ಗೆ ಎಡಗೈಗೆ, ಪಕ್ಕದವರಿಗೆ ಬಲಗೈಗೆ.

ಡಬ್ಬಿಯೊಳಗಿನ ಗಿಂಬಲ್

ಸ್ಟಿಕ್ಕಿನ ಬುಡದಲ್ಲಿ ಎರಡು ದಿಕ್ಕಿಗೆ ವಾಲಲು ಬಿಡುವ ಒಂದು ಕೀಲು ಇರಬೇಕು. ಅದೇ ಗಿಂಬಲ್. ಇದನ್ನು ಮಾಡಲು ಎರಡು ದಾರಿ.

ಮೊದಲನೆಯದು ಗುಂಡು ಮತ್ತು ಬಟ್ಟಲು. ಹಳೆಯ ಬಸ್ಸಿನ ಗೇರ್ ರಾಡಿನ ಬುಡ ನೋಡಿದ್ದರೆ ಗೊತ್ತಾಗುತ್ತದೆ. ಒಂದು ಗುಂಡು ಬಟ್ಟಲಿನಲ್ಲಿ ಕೂತಿರುತ್ತದೆ, ಸುತ್ತ ಒಂದು ದೊಡ್ಡ ಸ್ಪ್ರಿಂಗು ಅದನ್ನು ನಡುವಿಗೆ ತರುತ್ತದೆ. ಮಾಡಲು ಸುಲಭ, ಖರ್ಚು ಕಡಿಮೆ. ಆದರೆ ಗುಂಡು ಬಟ್ಟಲಿಗೆ ಉಜ್ಜುತ್ತದೆ. ಮನೆಯಲ್ಲಿ ತಿಜೋರಿ ಸರಿಸುವಾಗ ಏನಾಗುತ್ತದೆ? ಮೊದಲು ಎಷ್ಟು ತಳ್ಳಿದರೂ ಜಗ್ಗುವುದಿಲ್ಲ. ಆಮೇಲೆ ಒಮ್ಮೆಲೇ ನಾಲ್ಕು ಬೆರಳು ಜಾರುತ್ತದೆ. ಸ್ಟಿಕ್ಕಿನಲ್ಲೂ ಹಾಗೇ. ನಡುವಿನಿಂದ ಕೂದಲೆಳೆಯಷ್ಟು ಸರಿಸಬೇಕು ಅಂದಾಗ ಅದು ಅಂಟಿಕೊಂಡಿರುತ್ತದೆ, ಸ್ವಲ್ಪ ಜಾಸ್ತಿ ಒತ್ತಿದರೆ ಹಾರಿಬಿಡುತ್ತದೆ. ಲ್ಯಾಂಡಿಂಗ್ ಮಾಡುವಾಗ ಮೂಗು ಕೋಳಿ ಕುತ್ತಿಗೆಯ ಹಾಗೆ ಮೇಲೆ ಕೆಳಗೆ ಆಡಲು ಇದೂ ಒಂದು ಕಾರಣ.

ಎರಡನೆಯದು ಬೇರಿಂಗ್ ಮೇಲೆ ತಿರುಗುವ ಎರಡು ಚೌಕಟ್ಟುಗಳು. ಒಂದು ಚೌಕಟ್ಟು ಹಿಂದೆ-ಮುಂದೆ, ಅದರೊಳಗಿನ ಇನ್ನೊಂದು ಎಡ-ಬಲ. ಎರಡೂ ಬೇರೆ ಬೇರೆ, ಒಂದರ ಚಲನೆ ಇನ್ನೊಂದಕ್ಕೆ ಬೆರೆಯುವುದಿಲ್ಲ. ನಡುವಿಗೆ ತರಲು ಇಲ್ಲಿ ಕ್ಯಾಮ್ ಇರುತ್ತದೆ, ಅಂದರೆ ಉಬ್ಬು-ತಗ್ಗು ಕೊರೆದ ಲೋಹದ ತುಂಡು. ಅದರ ಅಂಚಿನ ಮೇಲೆ ಒಂದು ಪುಟ್ಟ ಬೇರಿಂಗ್ ಉರುಳುತ್ತದೆ. ಸ್ಪ್ರಿಂಗು ಆ ಬೇರಿಂಗನ್ನು ಒತ್ತಿ ಹಿಡಿದಿರುತ್ತದೆ. ಸ್ಟಿಕ್ ನಡುವೆ ಬಂದಾಗ ಬೇರಿಂಗ್ ತಗ್ಗಿಗೆ ಇಳಿದು ಕೂರುತ್ತದೆ, ಚಕ್ಕಡಿ ಗಾಲಿ ತನ್ನ ಜಾಡಿಗೆ ಇಳಿದ ಹಾಗೆ.

ಇಲ್ಲೇ ನಿಜವಾದ ಮಜಾ ಇರುವುದು. ಕ್ಯಾಮ್ ಬದಲಿಸಿದರೆ ಸ್ಟಿಕ್ಕಿನ ಗುಣವೇ ಬದಲಾಗುತ್ತದೆ. ತಗ್ಗು ಆಳವಾಗಿದ್ದರೆ ನಡು ಎಲ್ಲಿದೆ ಅಂತ ಕಣ್ಣು ಮುಚ್ಚಿಕೊಂಡೂ ಗೊತ್ತಾಗುತ್ತದೆ. ಎಡಕ್ಕೆ ಒತ್ತುವಾಗ ತಪ್ಪಿ ಮುಂದಕ್ಕೂ ಒತ್ತುವುದು ಕಡಿಮೆ. ಆದರೆ ನಡುವನ್ನು ದಾಟುವಾಗ ಪ್ರತಿ ಸಲ ಒಂದು ಗುಂಡಿ ಸಿಕ್ಕಂತೆ ಆಗುತ್ತದೆ. ಆಕಾಶದಲ್ಲೇ ಇನ್ನೊಂದು ವಿಮಾನದಿಂದ ಇಂಧನ ತುಂಬಿಸಿಕೊಳ್ಳುವ ಆಟ ಆಡುವವರಿಗೆ ಇದು ಕಿರಿಕಿರಿ. ಅವರು ತಗ್ಗು ಸವರಿದಂತಿರುವ ನುಣುಪು ಕ್ಯಾಮ್ ಹಾಕಿಕೊಳ್ಳುತ್ತಾರೆ. ಹೆಲಿಕಾಪ್ಟರ್ ಹಾರಿಸುವವರಲ್ಲಿ ಕೆಲವರು ಸ್ಪ್ರಿಂಗನ್ನೇ ತೆಗೆದು, ಬಿಟ್ಟಲ್ಲೇ ನಿಲ್ಲುವಂತೆ ಕ್ಲಚ್ಚಿನ, ಅಂದರೆ ಉಜ್ಜಿ ಹಿಡಿಯುವ ಭಾಗದ, ಬಿಗಿ ಹೆಚ್ಚಿಸುತ್ತಾರೆ. ತುಟ್ಟಿ ಬೇಸ್‌ಗಳಲ್ಲಿ (ಆ ಕೆಳಗಿನ ಡಬ್ಬಿಗೆ ಬೇಸ್ ಅನ್ನುತ್ತಾರೆ) ಈ ಎಲ್ಲವನ್ನೂ ಒಂದು ಆಲನ್ ಕೀ ಹಿಡಿದು ಮನೆಯಲ್ಲೇ ಮಾಡಬಹುದು.

ಹುಡುಗನ ಅಪ್ಪ ಇಷ್ಟು ಕೇಳಿ ಅಂದರು: “ಅಂದ್ರ ಪ್ಲೇ ಇರಬಾರ್ದು ಅನ್ರಿ.” ಅಷ್ಟೇ. ಲೇಥ್‌ನ ಹ್ಯಾಂಡಲ್ ತಿರುಗಿಸಿದರೂ ಟೂಲ್ ಸರಿಯದೆ ಕಾಲು ಸುತ್ತು ಸುಮ್ನೆ ಹೋದರೆ ಜಾಬ್, ಅಂದರೆ ಕೊರೆಯುತ್ತಿರುವ ತುಂಡು, ಕೆಡುತ್ತದಲ್ಲ, ಇದೂ ಅದೇ ಲೆಕ್ಕ.

ಸೆನ್ಸರ್: ಹಳೆ ರೇಡಿಯೋದ ಕರಕರ

ಸ್ಟಿಕ್ ಎಷ್ಟು ವಾಲಿದೆ ಅಂತ ಕಂಪ್ಯೂಟರಿಗೆ ಹೇಳಬೇಕಲ್ಲ. ಹಳೆಯ ವಿಧಾನ ಪೊಟೆನ್ಶಿಯೋಮೀಟರ್. ರೇಡಿಯೋದ ವಾಲ್ಯೂಮ್ ತಿರುಪಿನಲ್ಲಿ ಇರುವುದು ಇದೇ. ಕಾರ್ಬನ್ ಪಟ್ಟಿಯ ಮೇಲೆ ಒಂದು ಲೋಹದ ನಾಲಿಗೆ ಉಜ್ಜುತ್ತಾ ಹೋಗುತ್ತದೆ. ವರ್ಷಗಟ್ಟಲೆ ಉಜ್ಜಿದ ಮೇಲೆ ಪಟ್ಟಿ ಸವೆಯುತ್ತದೆ, ಧೂಳು ಕೂರುತ್ತದೆ. ಆಗ ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತದೆ. ಜಾಯ್‌ಸ್ಟಿಕ್ಕಿನಲ್ಲಿ ಆ ಕರಕರ ಕಿವಿಗೆ ಕೇಳುವುದಿಲ್ಲ. ಬದಲಿಗೆ ಕೈ ಬಿಟ್ಟರೂ ವಿಮಾನ ತಾನಾಗಿ ನಡುಗುತ್ತದೆ. ನನ್ನ ಮೊದಲ ಜಾಯ್‌ಸ್ಟಿಕ್‌ಗೆ ಎರಡನೇ ಮಳೆಗಾಲದಲ್ಲಿ ಈ ರೋಗ ಬಂತು. ರಡ್ಡರ್ ತಾನೇ ಎಡಕ್ಕೆ ಜಗ್ಗುತ್ತಿತ್ತು. ನಾನು ಗಾಳಿ ಜೋರಿದೆ ಅಂದುಕೊಂಡು ವಾರಗಟ್ಟಲೆ ಬಲಕ್ಕೆ ತಿರುಚಿಕೊಂಡೇ ಹಾರಿಸಿದ್ದೇನೆ.

ಇದಕ್ಕೆ ಮದ್ದು ಹಾಲ್ ಸೆನ್ಸರ್. ಅಮೆರಿಕದ ಎಡ್ವಿನ್ ಹಾಲ್ 1879ರಲ್ಲಿ ಒಂದು ವಿಷಯ ಕಂಡುಹಿಡಿದರು. ಕರೆಂಟ್ ಹರಿಯುವ ತೆಳು ಪಟ್ಟಿಗೆ ಅಯಸ್ಕಾಂತ ಹತ್ತಿರ ತಂದರೆ ಪಟ್ಟಿಯ ಎರಡು ಅಂಚುಗಳ ನಡುವೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಅಯಸ್ಕಾಂತ ಸರಿದರೆ ವೋಲ್ಟೇಜೂ ಬದಲಾಗುತ್ತದೆ. ಅಂದರೆ ಸ್ಟಿಕ್‌ಗೆ ಪುಟ್ಟ ಅಯಸ್ಕಾಂತ ಅಂಟಿಸಿ ಎದುರಿಗೆ ಸೆನ್ಸರ್ ಇಟ್ಟರೆ ಸಾಕು. ಒಂದಕ್ಕೊಂದು ತಾಗುವುದೇ ಇಲ್ಲ. ತಾಗದಿದ್ದ ಮೇಲೆ ಸವೆಯುವುದು ಎಲ್ಲಿಂದ? ಎಲೆಕ್ಟ್ರಿಕ್ ಸ್ಕೂಟರಿನ ಎಕ್ಸಲರೇಟರ್ ಹಿಡಿಕೆಯಲ್ಲೂ ಸಾಮಾನ್ಯವಾಗಿ ಇದೇ ಇರುತ್ತದೆ. ಅಯಸ್ಕಾಂತದಿಂದಲೇ ಕೆಲಸ ಮಾಡುವ, ಇನ್ನೂ ಸೂಕ್ಷ್ಮವಾದ ಬೇರೆ ಸೆನ್ಸರ್‌ಗಳೂ ಬಂದಿವೆ. ಕೊಳ್ಳುವವರು ನೋಡಬೇಕಾದ್ದು ಒಂದೇ ಮಾತು: ಕಾಂಟ್ಯಾಕ್ಟ್‌ಲೆಸ್ ಅಂತ ಇದೆಯೋ ಇಲ್ಲವೋ. ಇದು ಸ್ಟಿಕ್‌ಗೆ ಮಾತ್ರ ಇದ್ದು, ತಿರುಚುವ ಆಕ್ಸಿಸ್‌ಗೆ ಹಳೆಯ ಪೊಟೆನ್ಶಿಯೋಮೀಟರೇ ಇರುವ ಮಾಡೆಲ್‌ಗಳೂ ಉಂಟು. ಡಬ್ಬದ ಮೇಲೆ ದೊಡ್ಡಕ್ಷರ ಓದಿ ಸುಮ್ಮನಾಗಬೇಡಿ.

ಬಿಟ್ ಲೆಕ್ಕಕ್ಕೆ ಮರುಳಾಗಬೇಕಾ?

ಜಾಹೀರಾತಿನಲ್ಲಿ 10 ಬಿಟ್, 12 ಬಿಟ್, 16 ಬಿಟ್ ಅಂತ ಬರೆದಿರುತ್ತಾರೆ. ಸ್ಟಿಕ್ಕಿನ ಪೂರ್ತಿ ಓಟವನ್ನು ಎಷ್ಟು ಮೆಟ್ಟಿಲಾಗಿ ಕತ್ತರಿಸಿದ್ದಾರೆ ಅನ್ನುವ ಲೆಕ್ಕ ಇದು. 10 ಬಿಟ್ ಅಂದರೆ 1,024 ಮೆಟ್ಟಿಲು. 12 ಬಿಟ್‌ಗೆ 4,096. 16 ಬಿಟ್‌ಗೆ 65,536.

ಕೇಳಲು ಭಾರಿ ಅನಿಸುತ್ತದೆ. ಆದರೆ ಲೆಕ್ಕ ಹಾಕಿ ನೋಡೋಣ. ಸ್ಟಿಕ್ ಒಂದು ತುದಿಯಿಂದ ಇನ್ನೊಂದಕ್ಕೆ 40 ಡಿಗ್ರಿ ವಾಲುತ್ತದೆ, ಹಿಡಿಕೆ ಕೀಲಿನಿಂದ 20 ಸೆಂಟಿಮೀಟರ್ ಮೇಲಿದೆ ಅಂತ ಇಟ್ಟುಕೊಳ್ಳಿ. ಕೈ ಸರಿಯುವ ದೂರ ಸುಮಾರು 14 ಸೆಂಟಿಮೀಟರ್. ಇದನ್ನು 4,096 ಭಾಗ ಮಾಡಿದರೆ ಒಂದು ಮೆಟ್ಟಿಲು ಒಂದು ಮಿಲಿಮೀಟರಿನ 30ನೇ ಒಂದು ಭಾಗ. ತಲೆಗೂದಲಿಗಿಂತ ತೆಳು. ಇದಕ್ಕಿಂತ ಸೂಕ್ಷ್ಮವಾಗಿ ಕೈ ಅಲುಗಿಸುವವರು ಯಾರಿದ್ದಾರೆ? ಮೈಕ್ರೋಮೀಟರ್ ಎಷ್ಟೇ ಒಳ್ಳೆಯದಿರಲಿ, ಲೇಥ್‌ನ ಹಿಡಿತದಲ್ಲಿ, ಅಂದರೆ ಚಕ್‌ನಲ್ಲಿ, ಜಾಬ್ ಅಲುಗಾಡುತ್ತಿದ್ದರೆ ಅಳತೆಗೆ ಅರ್ಥವಿಲ್ಲ. ಕೀಲು ಸಡಿಲ ಇರುವ 16 ಬಿಟ್ ಸ್ಟಿಕ್ಕಿಗಿಂತ ಕೀಲು ಗಟ್ಟಿ ಇರುವ 12 ಬಿಟ್ ಸ್ಟಿಕ್ ನನಗೆ ಎಷ್ಟೋ ಮೇಲು.

ಇದರಿಂದಲೇ ಇನ್ನೊಂದು ವಿಷಯ ಹೊರಡುತ್ತದೆ. ಸ್ಟಿಕ್ಕಿನ ಕೆಳಗೆ 20 ಸೆಂಟಿಮೀಟರಿನ ಪೈಪ್ ಸೇರಿಸಿ ಉದ್ದ ಮಾಡಿದರೆ? ಅದೇ 40 ಡಿಗ್ರಿಗೆ ಕೈ 28 ಸೆಂಟಿಮೀಟರ್ ಸರಿಯಬೇಕು. ಅಂದರೆ ಕೈಯ ಸಣ್ಣ ತಪ್ಪಿನ ಪೆಟ್ಟು ಅರ್ಧಕ್ಕೆ ಇಳಿಯಿತು. ಹಾಗಂತ ಮೇಜಿನ ಮೇಲೆ ಇಡಲಾಗದು, ಕುರ್ಚಿಯ ಮುಂದೆ ನೆಲಮಟ್ಟದಲ್ಲಿ ಕೂರಿಸಬೇಕು, ಸ್ಪ್ರಿಂಗೂ ಬಲವಾಗಿರಬೇಕು. ಮೇಜಿನ ಮೇಲಿನ ಗಿಡ್ಡ ಸ್ಟಿಕ್ಕಿನವರು ಇದೇ ಕೆಲಸವನ್ನು ಸಾಫ್ಟ್‌ವೇರಿನಲ್ಲಿ ಮಾಡಿಕೊಳ್ಳುತ್ತಾರೆ. ಅದಕ್ಕೆ ಕರ್ವ್ ಅನ್ನುತ್ತಾರೆ. ನಡುವಿನ ಹತ್ತಿರ ಕೈ ಜಾಸ್ತಿ ಸರಿದರೂ ವಿಮಾನ ಕಡಿಮೆ ತಿರುಗುತ್ತದೆ, ಆದರೆ ತುದಿಗೆ ಹೋದಂತೆ ಒಮ್ಮೆಲೇ ಚುರುಕಾಗುತ್ತದೆ. ಪುಕ್ಕಟೆ ಮದ್ದು. ಅದರ ಗುಣವೂ ಪುಕ್ಕಟೆ ಮದ್ದಿನಷ್ಟೇ.

ಇದಕ್ಕೆ ಪೂರ್ತಿ ಉಲ್ಟಾ ಅಮೆರಿಕದ ಯುದ್ಧ ವಿಮಾನ ಎಫ್-16. ಅದರ ಸ್ಟಿಕ್ ಮೊದಲು ಅಲುಗಾಡುತ್ತಲೇ ಇರಲಿಲ್ಲ. ಕೈ ಎಷ್ಟು ಜೋರಾಗಿ ಒತ್ತುತ್ತದೆ ಅನ್ನುವುದನ್ನಷ್ಟೇ ಅಳೆಯುತ್ತಿತ್ತು. ಪೈಲಟ್‌ಗಳಿಗೆ ಅದು ಒಗ್ಗಲಿಲ್ಲ. ಆಮೇಲೆ ಸ್ವಲ್ಪವೇ ಸ್ವಲ್ಪ ಅಲುಗಾಡುವ ಹಾಗೆ ಬದಲಿಸಿದರು.

ಥ್ರಾಟಲ್

ಥ್ರಾಟಲ್‌ಗೆ ಸ್ಪ್ರಿಂಗು ಬೇಡ, ಬಿಗಿ ಬೇಕು. ಇಟ್ಟಲ್ಲಿ ನಿಲ್ಲಬೇಕು, ಆದರೆ ಎರಡು ಬೆರಳಿಗೆ ಬೆಣ್ಣೆಯ ಹಾಗೆ ಸರಿಯಬೇಕು. ಈ ಬಿಗಿಯನ್ನು ತಿರುಪಿನಿಂದ ಹೆಚ್ಚು ಕಡಿಮೆ ಮಾಡುವಂತಿದ್ದರೆ ಒಳ್ಳೆಯ ಥ್ರಾಟಲ್. ಎರಡು ಎಂಜಿನ್ನಿನ ವಿಮಾನಕ್ಕೆ ಲಿವರ್ ಎರಡಾಗಿ ಬೇರ್ಪಡಬೇಕು.

ಮುಖ್ಯವಾದದ್ದು ಡಿಟೆಂಟ್, ಅಂದರೆ ಲಿವರಿನ ದಾರಿಯಲ್ಲಿ ಸಿಗುವ ತಡೆ ಅಥವಾ ಕಚ್ಚು. ಯುದ್ಧ ವಿಮಾನದಲ್ಲಿ ಆಫ್ಟರ್‌ಬರ್ನರ್‌ಗೆ ಹೋಗಬೇಕಾದರೆ ಒಂದು ತಡೆ ದಾಟಬೇಕು. ದಾಟಿದರೆ ಎಂಜಿನ್ನಿನ ಹಿಂದೆ ಬೆಂಕಿ ಉಗುಳುತ್ತದೆ, ಇಂಧನ ನೀರಿನ ಹಾಗೆ ಹೋಗುತ್ತದೆ. ತಪ್ಪಿ ದಾಟಬಾರದು ಅಂತಲೇ ಆ ತಡೆ. ಏರ್‌ಬಸ್‌ನಲ್ಲಿ ಕಚ್ಚುಗಳೇ ಎಲ್ಲ. ಟೇಕಾಫ್‌ಗೆ ಒಂದು, ಮೇಲೇರಲು ಒಂದು, ಖಾಲಿ ಓಟಕ್ಕೆ ಒಂದು. ಮೇಲೇರಿದ ಮೇಲೆ ಲಿವರನ್ನು ಒಂದು ಕಚ್ಚಿಗೆ ಹಾಕಿ ಬಿಟ್ಟರೆ ಕಂಪ್ಯೂಟರ್ ಎಂಜಿನ್ ನೋಡಿಕೊಳ್ಳುತ್ತದೆ, ಲಿವರ್ ಅಲುಗುವುದಿಲ್ಲ. ಬೋಯಿಂಗ್ 737ರಲ್ಲಿ ಹಾಗಲ್ಲ. ಕಂಪ್ಯೂಟರ್ ಶಕ್ತಿ ಬದಲಿಸಿದಾಗ ಮೋಟಾರು ಲಿವರುಗಳನ್ನೂ ಸರಿಸುತ್ತದೆ. ಹಾಗಾಗಿ ಏರ್‌ಬಸ್ ಹಾರಿಸುವವರಿಗೆ ಮೋಟಾರಿಲ್ಲದ ಅಗ್ಗದ ಥ್ರಾಟಲ್ಲೇ ನಿಜಕ್ಕೆ ಹತ್ತಿರ. ಇದು ಎಷ್ಟೋ ಜನರ ಗಮನಕ್ಕೇ ಬರುವುದಿಲ್ಲ.

ಮಾರುಕಟ್ಟೆಯಲ್ಲಿ ಯಾರ‍್ಯಾರಿದ್ದಾರೆ

ಬಹಳ ಜನ ಕೇಳಿರುವ ಹೆಸರು ಥ್ರಸ್ಟ್‌ಮಾಸ್ಟರ್ ವಾರ್ಟ್‌ಹಾಗ್. 2010ರಲ್ಲಿ ಬಂತು. ಅಮೆರಿಕದ ಎ-10 ವಿಮಾನದ ಹಿಡಿಕೆಗಳ ನಕಲು. ಸ್ಟಿಕ್ಕು ಥ್ರಾಟಲ್ಲು ಸೇರಿ ಸುಮಾರು 6.5 ಕೆಜಿ, ಹೆಚ್ಚು ಭಾಗ ಲೋಹ. ಅದರ ಥ್ರಾಟಲ್ ಗಟ್ಟಿಮುಟ್ಟು, ಸ್ವಿಚ್ಚುಗಳನ್ನು ಟಕ್ ಅಂತ ಒತ್ತುವುದೇ ಒಂದು ಖುಷಿ. ಸ್ಟಿಕ್ಕಿನಲ್ಲಿ 16 ಬಿಟ್ ಹಾಲ್ ಸೆನ್ಸರ್ ಇದೆ. ಆದರೆ ಕೆಳಗಿನ ಕೀಲು ನಾನು ಹೇಳಿದ ಗುಂಡು-ಬಟ್ಟಲಿನ ಜಾತಿ, ಅದೂ ಪ್ಲಾಸ್ಟಿಕ್ಕಿನದು. ಕಣ್ಣಿಗೆ ಕಾಣುವ ಕಡೆ ಲೋಹ, ಕಾಣದ ಕಡೆ ಪ್ಲಾಸ್ಟಿಕ್. ಹೀಗಾಗಿ ಹಿಡಿಕೆಯನ್ನು ಇಟ್ಟುಕೊಂಡು ಬೇಸ್ ಮಾತ್ರ ವಿರ್ಪಿಲ್ ಅನ್ನುವ ಇನ್ನೊಂದು ಕಂಪನಿಯದು ಹಾಕಿಕೊಳ್ಳುವವರು ಇದ್ದಾರೆ. ಅದು ಇದಕ್ಕೆ ಕೂರುತ್ತದೆ.

ವಿಕೆಬಿ ಕಂಪನಿಯ ಗ್ಲಾಡಿಯೇಟರ್ ಎನ್‌ಎಕ್ಸ್‌ಟಿ ಇವೊ ಇದಕ್ಕೆ ತದ್ವಿರುದ್ಧ. ಹೊರಗೆ ನೋಡಿದರೆ ಪ್ಲಾಸ್ಟಿಕ್, ಕೈಗೆ ಹಗುರ. ಆದರೆ ವಾಲುವುದಕ್ಕೂ ತಿರುಚುವುದಕ್ಕೂ ಇರುವ ಸೆನ್ಸರ್ ಕಾಂಟ್ಯಾಕ್ಟ್‌ಲೆಸ್, ಸ್ಪ್ರಿಂಗು ಬದಲಿಸಬಹುದು, ಕ್ಲಚ್ಚಿನ ಬಿಗಿ ತಿದ್ದಬಹುದು, ತಿರುಚುವುದು ಬೇಡವಾದರೆ ಲಾಕ್ ಮಾಡಬಹುದು. ಎಡಗೈಗೆ ಬೇರೆ, ಬಲಗೈಗೆ ಬೇರೆ ಸಿಗುತ್ತದೆ. ಬೆಲೆ ವಾರ್ಟ್‌ಹಾಗ್ ಸೆಟ್‌ಗಿಂತ ಬಹಳ ಕಡಿಮೆ. ಅದೇ ಕಂಪನಿಯ ಗನ್‌ಫೈಟರ್ ಒಂದು ಮೆಟ್ಟಿಲು ಮೇಲೆ, ಕ್ಯಾಮ್ ಬದಲಿಸುವ ಪೂರ್ತಿ ಆಟ ಅಲ್ಲಿದೆ. ಒಂದು ತಕರಾರು ಅಂದರೆ ವಿಕೆಬಿಯ ಸಾಫ್ಟ್‌ವೇರ್. ಅದರಲ್ಲಿ ಆಗದ್ದಿಲ್ಲ, ಆದರೆ ಮೊದಲ ಸಲ ತೆರೆದರೆ ಟ್ಯಾಕ್ಸ್ ರಿಟರ್ನ್ ತುಂಬಿದ ಹಾಗೆ ಆಗುತ್ತದೆ.

ವಿರ್ಪಿಲ್‌ದು ಲೋಹದ ಗಿಂಬಲ್, ಬದಲಿಸುವ ಕ್ಯಾಮ್, ಜೊತೆಗೆ ಒಳ್ಳೆಯ ಥ್ರಾಟಲ್. ಅವರ ಮಂಗೂಸ್ಟ್ ಥ್ರಾಟಲ್‌ನಲ್ಲಿ ಬಿಗಿಯನ್ನೂ ಡಿಟೆಂಟನ್ನೂ ಬೇಕಾದಂತೆ ತಿದ್ದಿಕೊಳ್ಳಬಹುದು. ಚೀನಾದ ವಿನ್‌ವಿಂಗ್ ಕಂಪನಿಯ ಓರಿಯನ್ 2 ಎಫ್-18, ಎಫ್-16ರಂಥ ನಿರ್ದಿಷ್ಟ ವಿಮಾನದ ಹಿಡಿಕೆಗಳನ್ನು ನಕಲು ಮಾಡಿದ ಸೆಟ್. ಒಂದೇ ವಿಮಾನಕ್ಕೆ ಅಂಟಿಕೊಂಡವರಿಗೆ ಸರಿ. ಎಲ್ಲವನ್ನೂ ಹಾರಿಸುವವರಿಗೆ ವಿರ್ಪಿಲ್‌ನಂಥ ಸಾಮಾನ್ಯ ಆಕಾರವೇ ವಾಸಿ.

ಪ್ರಯಾಣಿಕರ ವಿಮಾನದ ಹುಚ್ಚಿದ್ದರೆ ಇದ್ಯಾವುದೂ ಬೇಡ. ಥ್ರಸ್ಟ್‌ಮಾಸ್ಟರಿನ ಏರ್‌ಬಸ್ ಸೈಡ್‌ಸ್ಟಿಕ್ ಮತ್ತು ಕಚ್ಚುಗಳಿರುವ ಅದರ ಜೋಡಿ ಥ್ರಾಟಲ್ ಸಾಕು. ಸೆಸ್ನಾ, ಬೋಯಿಂಗ್‌ಗೆ ಹನಿಕೋಂಬ್‌ನ ಆಲ್ಫಾ ಯೋಕ್. ಅದು 180 ಡಿಗ್ರಿ ತಿರುಗುತ್ತದೆ, ಅಗ್ಗದ ಯೋಕ್‌ಗಳು ಅಷ್ಟು ತಿರುಗುವುದಿಲ್ಲ. ಅದರ ಜೊತೆಗಾರ ಬ್ರಾವೊದಲ್ಲಿ ಆರು ಲಿವರ್, ಕೈಯಿಂದ ಸದಾ ಒತ್ತಿ ಹಿಡಿಯುವುದನ್ನು ತಪ್ಪಿಸುವ ಟ್ರಿಮ್ ಚಕ್ರ, ವಿಮಾನದ ಗಾಲಿ ಇಳಿಸುವ ಗೇರ್ ಹಿಡಿಕೆ ಎಲ್ಲ ಇವೆ.

ಕೈಗೆ ತಿರುಗಿ ಒತ್ತುವ ಸ್ಟಿಕ್

ಇಲ್ಲಿಯವರೆಗೆ ಹೇಳಿದ ಎಲ್ಲದರಲ್ಲೂ ಒಂದು ಸುಳ್ಳಿದೆ. ನಿಜವಾದ ಸಣ್ಣ ವಿಮಾನದಲ್ಲಿ ಸ್ಟಿಕ್ಕಿನ ಬಿಗಿ ಬರುವುದು ಸ್ಪ್ರಿಂಗಿನಿಂದಲ್ಲ, ಗಾಳಿಯಿಂದ. ವೇಗ ಜಾಸ್ತಿ ಆದಂತೆ ಬಿಗಿ, ಕಡಿಮೆ ಆದಂತೆ ಸಡಿಲ. ಟ್ರಿಮ್ ಚಕ್ರ ತಿರುಗಿಸಿದರೆ ಸ್ಟಿಕ್ ವಿಶ್ರಾಂತಿಗೆ ನಿಲ್ಲುವ ಜಾಗವೇ ಬದಲಾಗುತ್ತದೆ. ಮನೆಯ ಜಾಯ್‌ಸ್ಟಿಕ್ ಮಾತ್ರ ಯಾವಾಗಲೂ ಒಂದೇ ನಡುವಿಗೆ ಬಂದು ನಿಲ್ಲುತ್ತದೆ. ನಿಂತ ವಿಮಾನದಲ್ಲೂ ಅದೇ ಬಿಗಿ, ಮುನ್ನೂರು ಕಿಲೋಮೀಟರ್ ವೇಗದಲ್ಲೂ ಅದೇ ಬಿಗಿ.

ಇದನ್ನು ತಿದ್ದಲು ಸ್ಪ್ರಿಂಗಿನ ಜಾಗದಲ್ಲಿ ಮೋಟಾರು ಹಾಕುತ್ತಾರೆ. ಅದು ಫೋರ್ಸ್ ಫೀಡ್‌ಬ್ಯಾಕ್. ಹೊಸದೇನಲ್ಲ, ಮೈಕ್ರೋಸಾಫ್ಟ್ 1990ರ ದಶಕದಲ್ಲೇ ಸೈಡ್‌ವೈಂಡರ್ ಹೆಸರಲ್ಲಿ ಮಾರಿತ್ತು. ನಡುವೆ ವರ್ಷಗಟ್ಟಲೆ ಮರೆಯಾಗಿ, ಈಗ ಮೋಝಾ ಎಬಿ9, ವಿಪಿಫೋರ್ಸ್ ರೈನೊ ಮುಂತಾದವುಗಳಲ್ಲಿ ಬಲವಾದ ಮೋಟಾರಿನೊಂದಿಗೆ ವಾಪಸ್ ಬಂದಿದೆ. ವಿಮಾನ ಸ್ಟಾಲ್ ಆಗುವ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ, ಮೊದಲು ಕೈಯಲ್ಲಿ ನಡುಕ ಬರುತ್ತದೆ. ಹೆಲಿಕಾಪ್ಟರಿನಲ್ಲಿ ಟ್ರಿಮ್ ಒತ್ತಿದಲ್ಲೇ ಸ್ಟಿಕ್ ನಿಲ್ಲುತ್ತದೆ. ಎ320, ಎಫ್-16 ಹಾರಿಸುವವರು ಮಾತ್ರ ಇದಕ್ಕೆ ದುಡ್ಡು ಸುರಿಯಬೇಕಿಲ್ಲ. ಅವು ಫ್ಲೈ-ಬೈ-ವೈರ್ ವಿಮಾನಗಳು, ಸ್ಟಿಕ್ಕಿನ ಮಾತು ರೆಕ್ಕೆಗೆ ಮುಟ್ಟುವುದು ಕಂಪ್ಯೂಟರ್ ಮತ್ತು ವೈರಿನ ಮೂಲಕ, ಗಾಳಿಯ ಒತ್ತಡ ನಿಜವಾದ ಪೈಲಟ್‌ನ ಕೈಗೂ ಬರುವುದಿಲ್ಲ.

ಬೆಳಗಾವಿಗೆ ತರಿಸುವ ಮುಂಚೆ

ಇವುಗಳಲ್ಲಿ ಕೆಲವನ್ನು ಹೊರದೇಶದಿಂದಲೇ ತರಿಸಬೇಕಾಗುತ್ತದೆ. ಕಸ್ಟಮ್ಸ್ ಸುಂಕ ಬರೀ ಸಾಮಾನಿನ ಬೆಲೆಯ ಮೇಲಲ್ಲ, ಸಾಗಣೆ ಮತ್ತು ವಿಮೆ ಸೇರಿಸಿದ ಮೊತ್ತದ ಮೇಲೆ ಬೀಳುತ್ತದೆ. ಸುಂಕ ಸೇರಿದ ಮೇಲೆ ಅದರ ಮೇಲೆ ಜಿಎಸ್‌ಟಿ. ಭಾರದ ಲೋಹದ ಬೇಸ್‌ಗೆ ಸಾಗಣೆ ತುಟ್ಟಿ, ಸಾಗಣೆ ತುಟ್ಟಿಯಾದರೆ ತೆರಿಗೆಯೂ ತುಟ್ಟಿ. ವೆಬ್‌ಸೈಟಿನ ರೇಟು ನೋಡಿ ಬಜೆಟ್ ಹಾಕಬೇಡಿ. ಮತ್ತೆ ನಮ್ಮ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುವ ಮನೆಗಳಿವೆ. ಸ್ಟಿಕ್ಕಿನ ಮೇಲೆ ಬಟ್ಟೆ ಹೊದಿಸಿ, ಪಕ್ಕದಲ್ಲಿ ಒಂದೆರಡು ಸಿಲಿಕಾ ಪೊಟ್ಟಣ ಇಟ್ಟರೆ ಸಾಕು. ಗ್ರೀಸ್ ಸಿಕ್ಕಾಪಟ್ಟೆ ಬಳಿಯಬೇಡಿ, ಧೂಳು ಹಿಡಿಯುತ್ತದೆ.

ಹುಡುಗನಿಗೆ ನಾನು ಹೇಳಿದ್ದು ಎರಡು ಮಾತು. ಮನೆಯಲ್ಲಿ ಎಷ್ಟೇ ಗಂಟೆ ಹಾರಿಸಿದರೂ ಲೈಸೆನ್ಸಿನ ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೆ ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ ಒಪ್ಪಿದ ಸಿಮ್ಯುಲೇಟರೇ ಬೇಕು. ಇನ್ನೊಂದು, ತರಬೇತಿಗೆ ಹೋಗುವ ಆಸೆ ಇದ್ದರೆ ಮೊದಲ ದುಡ್ಡು ರಡ್ಡರ್ ಪೆಡಲ್‌ಗೆ ಹಾಕು. ಸೆಸ್ನಾದಂಥ ಒಂಟಿ ಎಂಜಿನ್ ವಿಮಾನ ಪೂರ್ತಿ ಶಕ್ತಿ ಕೊಟ್ಟ ಕೂಡಲೇ ಎಡಕ್ಕೆ ಎಳೆಯುತ್ತದೆ, ಬಲಗಾಲಿಗೆ ಆ ಅಭ್ಯಾಸ ಬೇಕು. ಉಳಿದ ದುಡ್ಡಿಗೆ ಗ್ಲಾಡಿಯೇಟರ್‌ನಂಥ ಒಂದು ಸ್ಟಿಕ್. ಥ್ರಾಟಲ್ ಆಮೇಲೆ ನೋಡೋಣ, ಸದ್ಯಕ್ಕೆ ಅದರ ಬೇಸ್‌ನಲ್ಲಿರುವ ಪುಟ್ಟ ಚಕ್ರವೇ ಸಾಕು.

ಹುಡುಗನ ಮುಖ ಅಷ್ಟಕ್ಕಷ್ಟೇ ಆಯಿತು. ಅವನಿಗೆ ಆಫ್ಟರ್‌ಬರ್ನರ್ ಬೇಕಿತ್ತು. ಅವನ ಅಪ್ಪ ಮಾತ್ರ ಮೊಬೈಲಿನಲ್ಲಿ ಕ್ಯಾಮಿನ ಫೋಟೋ ದೊಡ್ಡದು ಮಾಡಿ ನೋಡುತ್ತಾ ಕೂತಿದ್ದರು. ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದರು: “ಈ ಕ್ಯಾಮ್ ಎಷ್ಟು ಎಂಎಂ ದಪ್ಪ ಇರ್ತೈತ್ರಿ?”